ಅಣ್ಣ ನೋಡಿಟ್ಟಿದ್ದ ಲೈಟು

ಅಣ್ಣನಿಗೆ ಪಾರ್ಶ್ವವಾಯು ಬಡಿಯುವ ಕೆಲವು ದಿನ ಮೊದಲು ನಮ್ಮ ಪಿಕಪ್ಪಿನ ಹಿಂಬದಿಯಲ್ಲಿ ಒಂದು ಅನಾಹುತವಾಗಿತ್ತು. ಪೆರಂಬೂರಿನಲ್ಲಿರುವ ನಮ್ಮ ಅಡುಗೆಮನೆಯಿಂದ ಪೋರೂರಿನ ಆಫೀಸುಗಳಿಗೆ ತಿಂಡಿ, ಊಟ ಹೋಗುತ್ತದೆ. ಬೆಳಕು ಹರಿಯುವ ಮೊದಲೇ ಪಾತ್ರೆಗಳನ್ನು ಗಾಡಿಗೆ ಏರಿಸಬೇಕು. ಮಳೆ, ಧೂಳು ಬೀಳದಿರಲೆಂದು ಹಿಂಬದಿಗೆ ತಗಡಿನ ಗೂಡು ಮಾಡಿಸಿದ್ದರಿಂದ ಒಳಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಅವತ್ತು ಒಳಗೆ ನಿಂತಿದ್ದ ನಮ್ಮ ಅಡುಗೆಭಟ್ಟರು ಚಟ್ನಿ ಡಬ್ಬಿಯ ಮೇಲೆ ಕಾಲಿಟ್ಟು ಜಾರಿದರು. ಆಸರೆಗೆ ಚಾಚಿದ ಕೈ ಸಾಂಬಾರಿನ ಪಾತ್ರೆಗೆ ತಗುಲಿ ಮೊಣಕೈವರೆಗೆ ಸುಟ್ಟಿತು.

ಅಣ್ಣ ಭಟ್ಟರ ಕೈಗೆ ತಣ್ಣೀರು ಹೊಯ್ಯುತ್ತಾ ನನಗೆ ಹೇಳಿದ: "ಹಿಂದೆ ಒಂದು ಲೈಟ್ ಆಗ್ಲೇಬೇಕು ಮಾರಾಯ."

"ಎಂಥದ್ದು ಹಾಕುವುದು?" ಎಂದೆ.

"ನಾನೊಂದು ನೋಡಿ ಇಟ್ಟಿದ್ದೇನೆ. ನೀನು ತಲೆಬಿಸಿ ಮಾಡಬೇಡ."

ನಾನು ತಲೆಬಿಸಿ ಮಾಡಲಿಲ್ಲ. ಊರಿನಿಂದ ಈ ತಮಿಳು ಪಟ್ಟಣಕ್ಕೆ ಬಂದು ಅವನ ಜೊತೆ ಸೇರಿದ ಮೇಲೆ ನನಗೆ ಅದರ ಅಭ್ಯಾಸವೇ ಇರಲಿಲ್ಲ. ಗಾಡಿ ಓಡಿಸುವುದು, ಪಾತ್ರೆ ಇಳಿಸುವುದು, ಖಾಲಿ ಪಾತ್ರೆ ತರುವುದು ನನ್ನ ಕೆಲಸ. ಯಾವ ಅಕ್ಕಿ, ಯಾವ ಗ್ಯಾಸ್ ಒಲೆ, ಯಾವ ಟಯರು ಎಂಬುದೆಲ್ಲ ಅವನ ತಲೆಯಲ್ಲಿರುತ್ತಿತ್ತು.

ಅವನು ಬಿದ್ದದ್ದು ಹಲ್ಲುಜ್ಜುವಾಗ. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಬಗ್ಗಿ ಅವನನ್ನು ಮಾತಾಡಿಸಿದಾಗ ಅಣ್ಣ ಸ್ಪಷ್ಟವಾಗಿ "ಆಯ್ತು" ಎಂದ. ಅತ್ತಿಗೆ ಅಲ್ಲೇ ಕೈ ಮುಗಿದರು. ಮಾತು ಮರಳಿತು ಎಂದು ನಾನು ಊರಿಗೆಲ್ಲ ಫೋನು ಮಾಡಿದೆ. ಸಂಜೆಯ ಹೊತ್ತಿಗೆ ಗೊತ್ತಾಯಿತು, ಬಂದದ್ದು ಅದೊಂದೇ ಮಾತು. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು, ಮಗಳನ್ನು ಕರೆಯುವುದಕ್ಕೂ ಆಯ್ತು.

ಮಾತು ಕಲಿಸಲು ಬರುತ್ತಿದ್ದ ಹೆಣ್ಣುಮಗಳು ನಮಗೆ ಸಮಾಧಾನವಾಗಿ ವಿವರಿಸಿದಳು. ಅವನಿಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ, ಹೇಳಬೇಕಾದದ್ದೂ ಒಳಗಿದೆ, ಆದರೆ ಬಾಯಿಗೆ ಬರುವಾಗ ಇದೊಂದೇ ಮಾತು ಬರುತ್ತದೆ. ತಲೆಯಾಡಿಸುವುದನ್ನೂ ಸದ್ಯಕ್ಕೆ ನಂಬಬೇಡಿ, ಹೌದಿಗೂ ಅಲ್ಲಕ್ಕೂ ಅದಲುಬದಲಾಗುತ್ತದೆ ಎಂದಳು.

ಮನೆಗೆ ಕರೆತಂದ ಮೇಲೆ ಅಡುಗೆಮನೆ ಮತ್ತೆ ಶುರುವಾಯಿತು. ಭಟ್ಟರು ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ಮೊಬೈಲಿನ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಗಾಡಿಯೊಳಗೆ ನಿಲ್ಲುವುದನ್ನು ಅತ್ತಿಗೆ ನೋಡಿದರು.

"ಇವರು ಒಂದು ಲೈಟು ನೋಡಿಟ್ಟಿದ್ದರಲ್ಲ, ಅದನ್ನೇ ತಂದು ಹಾಕು. ಕೆಲಸ ನಿಂತಿಲ್ಲ ಅಂತ ಅವರಿಗೂ ಗೊತ್ತಾಗ್ಲಿ."

"ಯಾವುದು ಅಂತ ಹೇಳಿರಲಿಲ್ಲ, ಅತ್ತಿಗೆ."

"ಹುಡುಕು. ಇವರೇ ಹೋಗಿ ನೋಡಿದ್ದಲ್ವಾ?"

ಅಣ್ಣನ ಮೊಬೈಲು ನೋಡಿದೆವು. ಮಗಳ ಕಾಲೇಜಿನ ಸಮಾರಂಭದ ಫೋಟೋಗಳು, ತರಕಾರಿ ಮೂಟೆಗಳು, ಅಷ್ಟೇ. ಗಾಡಿಯ ಸಾಮಾನಿಗೆ ಅವನು ಹೋಗುತ್ತಿದ್ದದ್ದು ಪುದುಪೇಟೆಗೆ. ಅಲ್ಲಿಗೆ ಹೋಗಿ ಅಂಗಡಿಯಿಂದ ಅಂಗಡಿಗೆ ಅವನ ಫೋಟೋ ತೋರಿಸುತ್ತಾ ನಡೆದೆ. ಕಾಣೆಯಾದವರನ್ನು ಹುಡುಕುತ್ತಿದ್ದೇನೆಂದು ಒಬ್ಬರು ಕುರ್ಚಿ ಕೊಟ್ಟು ಕೂರಿಸಿದರು. ಇವರು ಯಾವ ಲೈಟು ನೋಡಿ ಹೋದರು ಎಂದು ನಾನು ತಮಿಳಿನಲ್ಲಿ ಕೇಳಿದಾಗ ಅವರ ಮುಖದಲ್ಲಿದ್ದ ಕನಿಕರ ಬೇಸರವಾಯಿತು.

"ಎವ್ವಳವೋ ಪೇರು ವರಾಂಗ ಸಾರ್," ಎಂದರು. ಬಂದು ಹೋಗುವ ಇಷ್ಟು ಜನರಲ್ಲಿ ಯಾರನ್ನು ನೆನಪಿಡುವುದು? ಆಮೇಲೆ ಅವರೇ ಕೇಳಿದರು, "ಉಂಗಳುಕ್ಕು ಎನ್ನ ವೇಣುಂ?"

ನನಗೆ ಏನು ಬೇಕು ಎಂಬುದು ನನಗೆ ಗೊತ್ತಿದ್ದರೆ ನಾನು ಅಲ್ಲಿ ಕೂತಿರುತ್ತಿರಲಿಲ್ಲ. ಅವರು ಒಂದೊಂದೇ ತೆಗೆದು ಹೊತ್ತಿಸಿ ತೋರಿಸಿದರು. ತಗಡಿಗೆ ಅಂಟಿಸುವ ಬಿಳಿ ಪಟ್ಟಿ ಲೈಟು ಚೆನ್ನಾಗಿತ್ತು, ಆದರೆ ಇಡ್ಲಿ ಪಾತ್ರೆಯ ಹಬೆಗೆ ಅಂಟು ನಿಲ್ಲುತ್ತದೆಯೇ ಎಂದರೆ ಅವರು ಭುಜ ಹಾರಿಸಿದರು. ಬಸ್ಸಿನ ಚಾವಣಿಯಲ್ಲಿರುವಂಥ ದುಂಡನೆಯ ದೀಪ ಗಟ್ಟಿಮುಟ್ಟು, ಆದರೆ ಎತ್ತರದ ಪಾತ್ರೆಯ ಹಿಂದೆ ನೆರಳು ಬೀಳುತ್ತದೆ. ಆಯಸ್ಕಾಂತದಿಂದ ತಗಡಿಗೆ ಕಚ್ಚಿಕೊಳ್ಳುವುದೊಂದಿತ್ತು, ವೈರಿಂಗ್ ಬೇಡ, ಮನೆಯಲ್ಲಿ ಚಾರ್ಜ್ ಮಾಡಿದರಾಯಿತು. ನಮ್ಮ ದಾರಿಯ ಗುಂಡಿಗಳಲ್ಲಿ ಅದು ಸಾಂಬಾರಿನೊಳಗೇ ಬೀಳಬಹುದು ಅನ್ನಿಸಿತು. ಅಣ್ಣನಾಗಿದ್ದರೆ ನಿಂತಲ್ಲೇ ಒಂದನ್ನು ಎತ್ತಿಕೊಂಡು ಹೊರಡುತ್ತಿದ್ದ. ನಾನು ಬೇಡವಾದರೆ ವಾಪಸು ತರುತ್ತೇನೆಂದು ಒಪ್ಪಿಸಿ ಮೂರನ್ನೂ ಚೀಲದಲ್ಲಿ ತಂದೆ.

ಸಂಜೆ ಅವನ ಮಂಚದ ಪಕ್ಕ ಲೈಟು ಹೊತ್ತಿಸಲು ಗಾಡಿಯದೊಂದು ಬ್ಯಾಟರಿ ಇಟ್ಟುಕೊಂಡು ಕೂತೆ. ಅತ್ತಿಗೆ ಅವನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಮಗಳು ಕೋಣೆಯ ಟ್ಯೂಬ್‌ಲೈಟು ಆರಿಸಿದಳು.

"ಅಣ್ಣ, ನೀನು ನೋಡಿದ್ದು ಇದಾ?" ಎಂದು ಪಟ್ಟಿ ಲೈಟು ಹೊತ್ತಿಸಿದೆ.

"ಆಯ್ತು," ಎಂದ.

"ಚಿಕ್ಕಪ್ಪಾ, ಅಪ್ಪಾ ಓಕೆ ಸೊಲ್ಲಿಟ್ಟಾರು," ಎಂದಳು ಮಗಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ.

"ಓಕೆ ಅಲ್ಲ. ಮುಖ ನೋಡು," ಎಂದರು ಅತ್ತಿಗೆ.

ದುಂಡನೆಯದನ್ನು ಹೊತ್ತಿಸಿದೆ. ಆಯ್ತು ಎಂದ, ಸ್ವಲ್ಪ ಜೋರಾಗಿ. ಆಯಸ್ಕಾಂತದ್ದನ್ನು ಮಂಚದ ಕಬ್ಬಿಣದ ಸರಳಿಗೆ ಕಚ್ಚಿಸಿದಾಗ ಎಡಗೈಯಲ್ಲಿ ಅದನ್ನು ತಳ್ಳಿಬಿಟ್ಟ. ಅದು ಉರುಳಿ ಮಂಚದ ಕೆಳಗೆ ಹೋಗಿ ಅಲ್ಲೇ ಉರಿಯುತ್ತಿತ್ತು. "ಆಯ್ತು, ಆಯ್ತು, ಆಯ್ತು," ಎನ್ನುತ್ತಲೇ ಇದ್ದ. ಹಣೆಯಲ್ಲಿ ಬೆವರು. ನಾನು ಮೊಬೈಲಿನಲ್ಲಿ ಬೇರೆ ಲೈಟುಗಳ ಚಿತ್ರ ತೋರಿಸಿದೆ. ಎಡಗೈ ಬೆರಳಿನಿಂದ ಒಂದೊಂದನ್ನೇ ಸರಿಸುತ್ತಾ ಹೋದ, ಎಲ್ಲ ಮುಗಿದ ಮೇಲೂ ಖಾಲಿ ಪರದೆಯನ್ನು ಸರಿಸುತ್ತಿದ್ದ.

"ಸಾಕು, ತೆಗೆದಿಡು," ಎಂದರು ಅತ್ತಿಗೆ.

ಈ ಮೂರೂ ಅಲ್ಲ ಎನ್ನುತ್ತಿದ್ದನೋ, ಇಷ್ಟಕ್ಕೂ ನನ್ನನ್ನೇ ಕೇಳಬೇಕೇ ಎನ್ನುತ್ತಿದ್ದನೋ, ಕಣ್ಣಿಗೆ ಚುಚ್ಚುತ್ತದೆ ಆರಿಸು ಎನ್ನುತ್ತಿದ್ದನೋ. ನಾನು ಮಂಚದ ಕೆಳಗೆ ತೂರಿ ಲೈಟು ಎತ್ತಿಕೊಂಡೆ. ಅಲ್ಲಿಂದ ಹೊರಗೆ ಬರುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ.

ಕೊನೆಗೆ ದುಂಡನೆಯದನ್ನು ಇಟ್ಟುಕೊಂಡೆ. ಅದೇ ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಕಾರಣ ಇರಲಿಲ್ಲ. ನೆರಳು ಬೀಳದಿರಲೆಂದು ಅಂಥದ್ದೇ ಇನ್ನೊಂದು ತಂದೆ. ಫಿಟ್ ಮಾಡಲು ಬಂದ ಎಲೆಕ್ಟ್ರಿಷಿಯನ್ ಸ್ವಿಚ್ ಡ್ರೈವರ್ ಹತ್ತಿರ ಬೇಕೋ, ಹಿಂದೆ ಬೇಕೋ ಎಂದು ಕೇಳಿದ. ಇನ್ನೊಂದು ಪ್ರಶ್ನೆ. ಪಾತ್ರೆ ಏರಿಸುವವರಿಗೆ ಹತ್ತಿರವಿರಲಿ ಎಂದು ಹಿಂದೆ ಹಾಕಿಸಿದೆ.

ಮರುದಿನ ಭಟ್ಟರು ಒಳಗೆ ಹತ್ತಿ ಸುತ್ತಲೂ ನೋಡಿ, "ಈಗ ಕಾಣ್ತದೆ," ಎಂದರು. ನಾನು ಮೊದಲ ಪಾತ್ರೆ ಎತ್ತಿ ಕೊಟ್ಟೆ.

ಆ ವಾರವೇ ಗಾಡಿ ಕೈಕೊಟ್ಟಿತು. ಹಿಂದಿನ ದಿನ ಮಧ್ಯಾಹ್ನ ಖಾಲಿ ಪಾತ್ರೆ ಇಳಿಸಿದವರು ಯಾರೋ ಲೈಟು ಆರಿಸಿರಲಿಲ್ಲ. ಹಗಲಿನ ಬೆಳಕಿನಲ್ಲಿ ಅದು ಉರಿಯುತ್ತಿರುವುದು ಯಾರಿಗೂ ಕಂಡಿರಲಿಲ್ಲ, ರಾತ್ರಿ ಗೂಡಿನ ಬಾಗಿಲು ಮುಚ್ಚಿತ್ತು. ಬೆಳಿಗ್ಗೆ ಗಾಡಿ ಹೇಗೋ ಸ್ಟಾರ್ಟ್ ಆಗಿತ್ತು, ಪೋರೂರಿನಲ್ಲಿ ಮೊದಲ ಆಫೀಸಿನ ಎದುರು ಆಫ್ ಮಾಡಿದ್ದೇ ತಡ, ಮತ್ತೆ ಕೀಲಿ ತಿರುವಿದರೆ ಬರೇ ಟಕ್ ಟಕ್. ಇನ್ನೂ ನಾಲ್ಕಾರು ಕಡೆಯ ತಿಂಡಿ ಒಳಗಿತ್ತು. ಆ ಕಡೆಗಳಿಂದ ಫೋನು ಬರಲು ಶುರುವಾಯಿತು.

ಇಂಥ ಹೊತ್ತಿನಲ್ಲಿ ನಾನು ಯಾವಾಗಲೂ ಮಾಡುತ್ತಿದ್ದದ್ದನ್ನೇ ಕೈ ತಾನಾಗಿ ಮಾಡಿತು. ಅಣ್ಣನ ನಂಬರು ಒತ್ತಿದೆ. ಅತ್ತಿಗೆ ಎತ್ತಿ, "ಎಂತ ಆಯ್ತು?" ಎಂದಾಗಲೇ ನನಗೆ ಎಚ್ಚರವಾದದ್ದು.

"ಏನಿಲ್ಲ ಅತ್ತಿಗೆ, ಬ್ಯಾಟರಿ ಇಳಿದಿದೆ. ಗೊತ್ತಿಲ್ಲದೆ ಮಾಡಿಬಿಟ್ಟೆ."

ಅತ್ತಿಗೆ ಫೋನು ಅಣ್ಣನ ಹತ್ತಿರ ಒಯ್ದರು. "ಅವರಿಗೇ ಹೇಳು. ಕಿವಿಗೆ ಹಿಡಿತೇನೆ."

ಬೇಡ ಎನ್ನಬೇಕೆಂದುಕೊಂಡೆ, ಆಗಲಿಲ್ಲ. ಆ ಕಡೆ ಅವನ ಉಸಿರು ಕೇಳಿಸಿತು. ನಾನು ಎಂದಿನಂತೆ ಎಲ್ಲವನ್ನೂ ಹೇಳಿದೆ, ಎಲ್ಲಿ ನಿಂತಿದ್ದೇನೆ, ಒಳಗೆ ಎಷ್ಟು ಪಾತ್ರೆ ಉಳಿದಿದೆ, ಯಾರು ಯಾರು ಕಾಯುತ್ತಿದ್ದಾರೆ. "ಎಂತ ಮಾಡ್ಲಿ ಅಣ್ಣ?" ಎಂದೆ.

"ಆಯ್ತು," ಎಂದ. ಎಷ್ಟು ಮೆತ್ತಗೆ ಎಂದರೆ, ಒಂದು ಕ್ಷಣ ಅದು ನಿಜವಾದ ಉತ್ತರದ ಹಾಗೇ ಕೇಳಿಸಿತು.

ಫೋನು ಇಟ್ಟು ಬಾನೆಟ್ಟಿಗೆ ಒರಗಿ ನಿಂತೆ. ಆಫೀಸಿನ ಸೆಕ್ಯುರಿಟಿಯವರು, ಟೀ ಅಂಗಡಿಯಲ್ಲಿ ನಿಂತಿದ್ದವರು ನಾಲ್ಕು ಜನ ಬಂದು ತಳ್ಳಿದರು. ಗಾಡಿ ಸ್ಟಾರ್ಟ್ ಆಯಿತು. ಕೊನೆಯ ಆಫೀಸಿಗೆ ತಿಂಡಿ ತಲುಪುವಾಗ ಅವರು ಬೇರೆ ಕಡೆಯಿಂದ ತರಿಸಿಕೊಂಡಿದ್ದರು. ಆ ಇಡ್ಲಿಗಳನ್ನು ಹಾಗೇ ವಾಪಸು ತಂದೆ. ಆಮೇಲೆ ಲೈಟಿನ ಸ್ವಿಚ್ಚನ್ನು ಮುಂದಕ್ಕೆ, ನನ್ನ ಸೀಟಿನ ಹತ್ತಿರ ಹಾಕಿಸಿದೆ.

ಈಚೆಗೆ ಅಣ್ಣನಿಗೆ ಎರಡನೆಯ ಮಾತು ಬಂದಿದೆ. ಅದು "ಬೇಡ". ಮಾತು ಕಲಿಸುವವಳಿಗೆ ಬಹಳ ಖುಷಿ. ಅನ್ನ ಬೇಡ, ಫ್ಯಾನು ಬೇಡ, ಟಿವಿ ಬೇಡ ಎನ್ನುತ್ತಾನೆ, ಅದರಲ್ಲಿ ಕೆಲವಾದರೂ ನಿಜವಾದ ಬೇಡಗಳು ಎಂದು ಅವಳು ಹೇಳುತ್ತಾಳೆ.

"ಈಗ ಆ ಲೈಟಿನ ವಿಷಯ ಕೇಳಬಹುದಲ್ಲ," ಎಂದರು ಮೊನ್ನೆ ಅತ್ತಿಗೆ, ಅವನ ಬಾಯಿ ಒರೆಸುತ್ತಾ.

ಅಣ್ಣ ನನ್ನನ್ನೇ ನೋಡುತ್ತಿದ್ದ. "ಹಾಕಿ ಆಗಿದೆಯಲ್ಲ ಅತ್ತಿಗೆ, ಇನ್ನೆಂತ ಕೇಳುವುದು?" ಎಂದು ಹೇಳಿ, ಕೀಲಿ ತೆಗೆದುಕೊಂಡು ಕೆಳಗಿಳಿದೆ.