ಉಣ್ಣೆಯ ಊರಿನಲ್ಲಿ ಒಂಬತ್ತು ದಿನ

ಹಾನಗಲ್ಲಿನಿಂದ ಹಾವೇರಿಗೆ ಹೋಗುವ ಬೆಳಗಿನ ಬಸ್ಸು ಹತ್ತಿದಾಗ ಮೃಗಶಿರ ಮಳೆ ಜಿನುಗುತ್ತಿತ್ತು. ನನ್ನ ಹೆಂಡತಿ ಗಂಗವ್ವ ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ಕುಳಿತಿದ್ದಳು. ಐವತ್ತು ಕಟಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕೆಂಪು ಖಾರ. ಕಿಟಕಿಯ ಹೊರಗೆ ನನ್ನ ಅವ್ವ, ಅವಳ ಎರಡೂ ಕೈ ಹಿಡಿದುಕೊಂಡು ನಮ್ಮ ಮಕ್ಕಳು.

"ಗಂಗವ್ವ, ಇಂವಾ ಪಗಾರ ಎಷ್ಟಂತ ನೋಡಿ ಹೂಂ ಅಂದುಬಿಡ್ತಾನ," ಎಂದಳು ಅವ್ವ. "ಅಲ್ಲಿ ಬಾಳೇ ಮಾಡಾಕ ಆಗತೈತೋ ಇಲ್ಲೋ, ಅದನ್ನ ನೀ ನೋಡು."

ಆಣೆ ಹೋಗಿ ಹೊಸ ಪೈಸೆ ಬಂದು ನಾಲ್ಕೈದು ವರ್ಷವಾಗಿತ್ತು. ಹಾನಗಲ್ಲಿನ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಉಣ್ಣೆ ನೋಡಿ, ಕೊಂಡು, ಬೇರ್ಪಡಿಸುವುದು ನನ್ನ ಕೆಲಸ. ಹಿರೇಕೆರೂರು, ಸವಣೂರು, ಶಿಗ್ಗಾಂವಿಯ ಸಂತೆಗಳಿಗೆ ಹೋಗಿ ಕುರುಬರಿಂದ ಉಣ್ಣೆ ಹಿಡಿಯುವುದು. ಬಣ್ಣ, ಎಳೆ, ಉದ್ದ ನೋಡಿ ಮುಂಬಯಿಗೆ ಕಳಿಸುವುದು. ತಿಂಗಳಿಗೆ ತೊಂಬತ್ತು ರೂಪಾಯಿ. ಆ ವರ್ಷ ನಮ್ಮ ಸಾಹುಕಾರರು ಉಣ್ಣೆ ಬಿಟ್ಟು ಭತ್ತದ ವ್ಯಾಪಾರವೊಂದನ್ನೇ ಮಾಡುವುದೆಂದು ನಿಶ್ಚಯಿಸಿದರು. ನನ್ನನ್ನು ಕೈಬಿಡಲು ಮನಸ್ಸಾಗದೆ ಮುಂಬಯಿಯ ದಲಾಲರಿಗೆ ಕಾಗದ ಬರೆದರು. ಅಲ್ಲಿಂದ ಸುತ್ತಿ ಸುಳಿದು ಬಿಕಾನೇರದ ಒಬ್ಬ ಸೇಠರ ಉತ್ತರ ಬಂತು: ಪಗಾರ ನೂರಾ ಎಪ್ಪತ್ತೈದು, ಬಂದು ಹೋಗುವ ಖರ್ಚಿನಲ್ಲಿ ಅರ್ಧ ಅವರದು, ಅರ್ಧ ನನ್ನದು. ಕೊನೆಗೆ ಒಂದು ಮಾತು ಸೇರಿಸಿದ್ದರು: "ಇದು ಮರಳಿನ ಊರು. ಬೇಸಿಗೆ ಬಹಳ ಕಠಿಣ. ಹಿಂದೆ ಬಂದ ಇಬ್ಬರು ಹೇಳದೆ ಓಡಿಹೋದರು. ಮನೆಯಾಕೆಯನ್ನೂ ಕರೆತಂದು ತೋರಿಸಿ, ಆಮೇಲೆ ಒಪ್ಪಿಕೊಳ್ಳಿ."

ಗಂಗವ್ವ ಚಿಕ್ಕೇರೂರಿನ ಕಂಬಳಿ ನೇಯುವ ಮನೆಯ ಮಗಳು. ಹಂಸಭಾವಿ, ಹಾನಗಲ್ಲು ಬಿಟ್ಟರೆ ಅವಳು ನೋಡಿದ ದೊಡ್ಡ ಊರೆಂದರೆ ಹುಬ್ಬಳ್ಳಿ, ಅದೂ ಒಂದೇ ಸಲ. "ಓಡಿ ಹ್ವಾದವರು ಹೆಂಡ್ತಿ ಕರಕೊಂಡು ಹೋಗಿರಲಿಲ್ಲಂತ ಕಾಣತೈತಿ," ಎಂದು ನಕ್ಕು, ಹೊರಡಲು ಅಣಿಯಾಗಿದ್ದಳು.

ಹಾವೇರಿಯಲ್ಲಿ ಪುಣೆಯ ಗಾಡಿ ಹಿಡಿದೆವು. ಮೂರನೆಯ ದರ್ಜೆ, ಮರದ ಹಲಗೆಯ ಸೀಟು. ಗಂಗವ್ವ ತವರಿನ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಪುಣೆ, ಮುಂಬಯಿ, ಅಹಮದಾಬಾದ ಎಂದು ಗಾಡಿ ಬದಲಿಸುತ್ತ ಹೋದೆವು. ಮುಂಬಯಿಯಲ್ಲಿ ಒಂದು ಸ್ಟೇಶನ್ನಿನಿಂದ ಇನ್ನೊಂದಕ್ಕೆ ಹೋಗಲು ಟಾಂಗಾದವನು ಮೂರು ರೂಪಾಯಿ ಕೇಳಿದ. ಗಂಗವ್ವ ಅವನ ಎದುರಿಗೇ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ನಡೆಯತೊಡಗಿದಳು. ಒಂದೂವರೆಗೆ ಇಳಿದ.

ಅಹಮದಾಬಾದ ದಾಟಿದ ಮೇಲೆ ಹಸಿರು ತೆಳ್ಳಗಾಗುತ್ತ ಹೋಯಿತು. ಮಾರವಾಡ ಜಂಕ್ಷನ್ನಿನ ಆಚೆಗೆ ಬರೀ ಮರಳು, ಅಲ್ಲೊಂದು ಇಲ್ಲೊಂದು ಮುಳ್ಳಿನ ಗಿಡ, ಅದರ ನೆರಳಿನಲ್ಲಿ ನವಿಲು. ಕಿಟಕಿಯ ಬಾಗಿಲು ಹಾಕಿದರೂ ಹಲ್ಲಿನ ಸಂದಿಯಲ್ಲಿ ಮರಳು. ಜೋಧಪುರದಲ್ಲಿ ಒಬ್ಬ ಮುದುಕ ಹತ್ತಿ ನಮ್ಮ ಎದುರು ಕುಳಿತ. ಕೆಂಪು ಮುಂಡಾಸು, ಕಿವಿಯಲ್ಲಿ ಬಂಗಾರದ ಒಂಟಿ. ಕುರಿ ಕಾಯುವವನೆಂದು ಕೈ ನೋಡಿದರೇ ತಿಳಿಯುತ್ತಿತ್ತು. ಅವನ ಕಣ್ಣು ನಮ್ಮ ಮೇಲಿರಲಿಲ್ಲ, ಕಂಬಳಿಯ ಮೇಲಿತ್ತು. ಕೊನೆಗೆ ತಡೆಯಲಾರದೆ ಅದರ ಅಂಚನ್ನು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, "ಯಾರ ಕೈ ಇದು?" ಎಂದು ಕೇಳಿದ. ಸವಣೂರಿನ ಸಂತೆಯಲ್ಲಿ ಕಲಿತ ಉರ್ದು ನನ್ನ ಕೈಹಿಡಿಯಿತು. ನಾನು ಗಂಗವ್ವನಿಗೆ ಹೇಳಿದೆ.

"ನಮ್ಮಪ್ಪಂದು ಅನ್ರಿ. ನೂಲು ನಂದು."

ಮುದುಕ ಕಂಬಳಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ. ತನ್ನ ಚೀಲದಿಂದ ಎರಡು ಉಳ್ಳಾಗಡ್ಡಿ ತೆಗೆದು ಅವಳ ಕೈಗೆ ಕೊಟ್ಟ. ಬಿಸಿಗಾಳಿಗೆ ಇದೇ ಮದ್ದು, ಮಧ್ಯಾಹ್ನ ಹೊರಬಿದ್ದರೆ ಜೇಬಿನಲ್ಲಿರಲಿ ಎಂದ.

ಊರು ಬಿಟ್ಟ ಐದನೆಯ ದಿನ ಬೆಳಿಗ್ಗೆ ಎಂಟಕ್ಕೆ ಬಿಕಾನೇರದಲ್ಲಿ ಇಳಿದೆವು. ಎಂಟಕ್ಕೇ ಬಿಸಿಲು ಬೆನ್ನಿಗೆ ಕಾವಲಿ ಇಟ್ಟಂತಿತ್ತು. ಸ್ಟೇಶನ್ನಿಗೇ ಬಂದಿದ್ದ ಸೇಠರು ಎತ್ತರದ ಆಳು, ಬಾಯಿತುಂಬ ನಗು. ಅವರಿಗೆಂದು ತಂದಿದ್ದ ಸವಣೂರಿನ ವೀಳ್ಯದೆಲೆಯ ಕಟ್ಟನ್ನು ಒದ್ದೆ ಬಟ್ಟೆ ಬಿಚ್ಚಿ ಕೊಟ್ಟೆವು. ಅರ್ಧ ಎಲೆ ಹಳದಿಯಾಗಿತ್ತು. ಉಳಿದುದರಲ್ಲಿ ಒಂದನ್ನು ಬಾಯಿಗಿಟ್ಟು ಅವರು ಕಣ್ಣು ಮುಚ್ಚಿದರು. ಇಲ್ಲಿ ಎಲೆ ರೈಲಿನಲ್ಲಿ ಬರುತ್ತದೆ, ಒಂದೊಂದನ್ನು ಎಣಿಸಿ ಕೊಡುತ್ತಾರೆ ಎಂದರು. ನಮ್ಮನ್ನು ಇಳಿಸಿದ್ದು ಕೆಂಪು ಕಲ್ಲಿನ ಒಂದು ಹಳೆಯ ಮನೆಯಲ್ಲಿ. ಕೆಳಗೆ ಚಂಪಾಬಾಯಿ ಎಂಬ ಐವತ್ತರ ಹೆಂಗಸು, ಅವಳ ಮಗ, ಸೊಸೆ. ಮೇಲಿನ ಎರಡು ಕೋಣೆ ಖಾಲಿ; ನಾವು ಬಂದು ನೆಲೆಸಿದರೆ ತಿಂಗಳಿಗೆ ಹದಿನೈದು ರೂಪಾಯಿ ಬಾಡಿಗೆ.

ಗಂಗವ್ವ ಬಿಕಾನೇರಕ್ಕೆ ಬಂದ ಎರಡನೆಯ ದಿನವೇ ಊರನ್ನು ತೂಗಲು ಶುರು ಮಾಡಿದಳು. ಬೆಳಿಗ್ಗೆ ಐದಕ್ಕೇ ಪೇಟೆ ತುಂಬಿರುತ್ತಿತ್ತು. ಹನ್ನೊಂದಕ್ಕೆ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಷ್ಟರೊಳಗೆ ಅವಳು ಚಂಪಾಬಾಯಿಯ ಹಿಂದೆ ಅಂಗಡಿ ಅಂಗಡಿ ತಿರುಗಿ ಬರುತ್ತಿದ್ದಳು. ಒಬ್ಬಳಿಗೆ ಕನ್ನಡ ಬಾರದು, ಇನ್ನೊಬ್ಬಳಿಗೆ ಮಾರವಾಡಿ ಬಾರದು. ಆದರೂ ಇಬ್ಬರೂ ಬಾಯಿ ಮುಚ್ಚುತ್ತಿರಲಿಲ್ಲ. ಅಕ್ಕಿ ನಮ್ಮೂರಿನ ಎರಡರಷ್ಟು ತುಟ್ಟಿ. ತೆಂಗಿನಕಾಯಿ ದೇವರಿಗೆ ಮಾತ್ರ. ಬಾಳೆಹಣ್ಣು ನೋಡಿದರೆ ನಮ್ಮ ಎಮ್ಮೆಯೂ ಮೂಸದು, ಆದರೂ ಡಜನ್ನಿಗೆ ರೂಪಾಯಿ ಹೇಳಿದರು. ಕುಡಿಯುವ ನೀರು ಒಂಟೆಯ ಗಾಡಿಯಲ್ಲಿ ಬರುತ್ತಿತ್ತು, ಕೊಡದ ಲೆಕ್ಕ. ಸಜ್ಜೆ ಮಾತ್ರ ಬಲು ಅಗ್ಗ, ಹಾಲು ಗಟ್ಟಿ, ತುಪ್ಪ ಘಮಘಮ.

"ಸಜ್ಜಿ ರೊಟ್ಟಿಗಿ ತುಪ್ಪ ಹಚ್ಚಿಕೊಂಡು ತಿಂದ್ರ ಅಕ್ಕಿ ಯಾಕ ಬೇಕ್ರೀ?" ಎಂದಳು ಗಂಗವ್ವ. "ಮತ್ತ ಇಲ್ಲಿ ಅರಿಬಿ ಒಣಗೂದು ನೋಡ್ರಿ. ಈ ತುದಿ ಹರವಿ ಆ ತುದಿ ಹರವೂದ್ರಾಗ ಮೊದಲಿಂದು ಒಣಗಿರತೈತಿ."

"ನೀರಿಗೆ ರೊಕ್ಕಾ ಕೊಡೂದು?"

"ಅದೊಂದು ಲೆಕ್ಕಾ ಹಾಕಬೇಕು," ಎಂದು ಬೆರಳು ಮಡಚಿ ಎಣಿಸತೊಡಗಿದಳು.

ಮೂರನೆಯ ದಿನ ನನ್ನ ಗತಿ ಕೆಟ್ಟಿತು. ಉಣ್ಣೆಯ ಮಂಡಿಯನ್ನು ನೋಡಿ ಮೈಮರೆತು, ಹನ್ನೆರಡು ಗಂಟೆಯ ಬಿಸಿಲಿನಲ್ಲಿ ನಡೆದು ಬಂದೆ. ಬಾಗಿಲೊಳಗೆ ಕಾಲಿಟ್ಟದ್ದಷ್ಟೇ ನೆನಪು. ಕಣ್ಣು ತೆರೆದಾಗ ಒದ್ದೆ ಸೀರೆಯಲ್ಲಿ ಸುತ್ತಿ ನನ್ನನ್ನು ನೆಲದ ಮೇಲೆ ಮಲಗಿಸಿದ್ದರು. ಚಂಪಾಬಾಯಿ ಸುಟ್ಟ ಮಾವಿನಕಾಯಿಯ ಪಾನಕ ಕುಡಿಸುತ್ತಿದ್ದಳು. ಗಂಗವ್ವನ ಮುಖ ಬಿಳಿಚಿಕೊಂಡಿತ್ತು. ನನಗೆ ಹಾನಗಲ್ಲಿನ ಕೆರೆಯ ಗಾಳಿ ನೆನಪಾಗಿ ಅಳು ಬಂತು.

"ವಾಪಸ್ ಹೋಗೂಣ ಗಂಗಾ," ಎಂದೆ. "ಭತ್ತದ ಚೀಲ ಅಳತೀ ಮಾಡಿದ್ರೂ ಬದುಕಬಹುದು. ಈ ಊರಾಗ ನಾವು ಬಾಳೂದಿಲ್ಲ."

"ಉಳ್ಳಾಗಡ್ಡಿ ಎಲ್ಲಿಟ್ರಿ?"

"ಟ್ರಂಕಿನ್ಯಾಗ."

"ಟ್ರಂಕಿಗೇನು ಬಿಸಿಲು ಬಡಿತಿತ್ತೇನ್ರಿ?" ಎಂದಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. ನಾನೂ ನಕ್ಕೆ. ಏನೂ ತಿಳಿಯದ ಚಂಪಾಬಾಯಿಯೂ ನಕ್ಕಳು.

ಎರಡು ದಿನ ಮಲಗಿ ಎದ್ದು, ಆರನೆಯ ದಿನ ನಸುಕಿನಲ್ಲೇ ಸೇಠರ ಅಂಗಳಕ್ಕೆ ಹೋದೆ. ಗಂಗವ್ವ ನನ್ನನ್ನು ಒಬ್ಬನನ್ನೇ ಬಿಡಲೊಲ್ಲದೆ ಮಜ್ಜಿಗೆಯ ತಂಬಿಗೆ ಹಿಡಿದು ಜೊತೆಗೆ ಬಂದಳು. ಆ ಅಂಗಳವನ್ನು ಹೇಗೆ ವರ್ಣಿಸಲಿ? ನಮ್ಮಲ್ಲಿ ಸುಗ್ಗಿಯ ಕಣದಲ್ಲಿ ಜೋಳದ ರಾಶಿ ಇರುವಂತೆ ಉಣ್ಣೆಯ ರಾಶಿಗಳು. ಬಿಳಿ, ಕೆನೆಬಣ್ಣ, ಕಂದು. ಒಂದು ಕಡೆ ಮೂವತ್ತು ನಾಲ್ವತ್ತು ಹೆಂಗಸರು ಕುಳಿತು ಉಣ್ಣೆಯಲ್ಲಿ ಸಿಕ್ಕ ಮುಳ್ಳು ಆರಿಸುತ್ತಿದ್ದರು. ಸೇಠರು ನನ್ನ ಮುಂದೆ ಐದು ಬಗೆಯ ಉಣ್ಣೆ ಇಟ್ಟು ಬೇರ್ಪಡಿಸಲು ಹೇಳಿದರು. ನಾಲ್ಕನ್ನು ಸರಿಯಾಗಿ ಹೇಳಿದೆ. ಐದನೆಯದರಲ್ಲಿ ತಪ್ಪಿದೆ, ಅಂಥ ಕುರಿಯನ್ನೇ ನಾನು ನೋಡಿರಲಿಲ್ಲ. ಅವರು ಬೆನ್ನು ತಟ್ಟಿ, ಮೊದಲ ದಿನವೇ ನಾಲ್ಕು ಹೇಳಿದವರು ಇಲ್ಲ ಎಂದರು.

ಅಷ್ಟರಲ್ಲಿ ಹಳ್ಳಿಯಿಂದ ಬಂದ ಒಬ್ಬ ವ್ಯಾಪಾರಿಯ ಮೂಟೆಗಳನ್ನು ಇಳಿಸಿ ತೂಗುತ್ತಿದ್ದರು. ಗಂಗವ್ವ ಸುಮ್ಮನೆ ನಿಲ್ಲಲಾರದೆ ಒಂದು ಮೂಟೆಯ ಹರಿದ ಸಂದಿಯಲ್ಲಿ ಮೊಳಕೈವರೆಗೆ ಕೈ ತೂರಿಸಿದಳು. ಒಳಗೇ ಬೆರಳಾಡಿಸಿ, ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು.

"ಏನ್ರೀ, ಮ್ಯಾಲಿಂದು ಈ ಸಲ ಕತ್ತರಿಸಿದ್ದೈತಿ. ಬುಡಕಿಂದು ಹ್ವಾದ ವರ್ಷದ್ದು. ಜಿಡ್ಡ ಇಲ್ಲ ಅದರಾಗ, ಹುಡಿ ಹುಡಿ ಆಗೇತಿ."

"ಸುಮ್ನಿರು, ಮಂದಿ ಅಂಗಳದಾಗ," ಎಂದೆ.

ಆದರೆ ಸೇಠರು ಅವಳ ಮುಖ ನೋಡಿದ್ದರು. ಏನೆಂದಳು ಎಂದು ಕೇಳಿದರು. ಅಂಜುತ್ತಲೇ ಹೇಳಿದೆ. ಅವರು ಮೂಟೆಯನ್ನು ಅಲ್ಲೇ ಕೊಯ್ಯಿಸಿ ಸುರುವಿಸಿದರು. ಮೇಲೆ ಬೆಣ್ಣೆಯಂಥ ಹೊಸ ಉಣ್ಣೆ, ಅಡಿಯಲ್ಲಿ ಮಂಕಾದ ಹಳೆಯದು. ವ್ಯಾಪಾರಿ ಮುಂಡಾಸು ಸರಿಮಾಡಿಕೊಳ್ಳುತ್ತ ಆಕಾಶ ನೋಡಿದ. ಮುಳ್ಳು ಆರಿಸುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಗಂಗವ್ವನ ಕೈ ಹಿಡಿದು ತಿರುಗಿಸಿ ನೋಡಿದರು. ಒಬ್ಬಳಂತೂ ತನ್ನ ಕೈಯನ್ನು ಅವಳ ಕೈಯ ಪಕ್ಕದಲ್ಲಿಟ್ಟು ಹೋಲಿಸಿದಳು. ಸೇಠರು ನನ್ನ ಕಡೆ ತಿರುಗಿ, "ನಿಮ್ಮ ಪಗಾರದ ಮಾತು ಮುಗಿದಿದೆ. ಈಗ ಇವರ ಪಗಾರ ಮಾತಾಡೋಣ," ಎಂದರು. ಮುಳ್ಳು ಆರಿಸುವ ಹೆಂಗಸರ ಮೇಲ್ವಿಚಾರಣೆ, ಬಂದ ಮೂಟೆಗೆ ಕೈ ಹಾಕಿ ನೋಡುವುದು; ತಿಂಗಳಿಗೆ ಐವತ್ತು ರೂಪಾಯಿ.

ಗಂಗವ್ವನಿಗೆ ನಾನು ತಿಳಿಸಿದಾಗ ಅವಳು ನಂಬಲಿಲ್ಲ. "ನನಗ? ಪಗಾರ?" ಎಂದು ಮೂರು ಸಲ ಕೇಳಿದಳು. ಮನೆಗೆ ಬರುವ ದಾರಿಯಲ್ಲಿ ಅವಳು ನೆಲ ಮುಟ್ಟಿ ನಡೆಯುತ್ತಿರಲಿಲ್ಲ. ನೀರಿನ ಲೆಕ್ಕ, ಬಾಡಿಗೆಯ ಲೆಕ್ಕ ಎಲ್ಲವೂ ಆ ಐವತ್ತರಲ್ಲಿ ಸಲೀಸಾಗಿ ಕುಳಿತವು. ಚಳಿಗಾಲಕ್ಕೆ ಬೇಕಾಗುವ, ಹತ್ತಿ ತುಂಬಿದ ರಜಾಯಿಗಳೂ ಕುಳಿತವು. ಆದರೂ ನನ್ನ ಎದೆಯಲ್ಲಿ ಆ ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ಮಕ್ಕಳು ತಾಳಿಯಾರೇ? ಅವ್ವ? ಗಂಗವ್ವನಿಗೂ ಅದೇ ಚಿಂತೆಯಿತ್ತೆಂದು ಕಾಣುತ್ತದೆ. ಒಪ್ಪಿಗೆಯ ಮಾತು ಇಬ್ಬರೂ ಆಡಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಪಡುವಣ ದಿಕ್ಕಿನಲ್ಲಿ ಕಂದು ಗೋಡೆಯೊಂದು ಎದ್ದಿತು. ಧೂಳಿನ ಗಾಳಿ. ಕಿಟಕಿ ಬಾಗಿಲುಗಳಿಗೆ ಗೋಣಿ ಒತ್ತಿ ಎಲ್ಲರೂ ಒಳಗೆ ಕುಳಿತೆವು. ಹಗಲೇ ದೀಪ ಹಚ್ಚಬೇಕಾಯಿತು. ಅರ್ಧ ಗಂಟೆ ಮನೆಯನ್ನು ಅಲ್ಲಾಡಿಸಿ ಗಾಳಿ ಒಮ್ಮೆಲೇ ನಿಂತಿತು. ಆಮೇಲೆ ಮಾಳಿಗೆಯ ಮೇಲೆ ಟಪ್ ಎಂದು ಒಂದು ಸದ್ದು. ಇನ್ನೊಂದು. ಬೀದಿಯಲ್ಲಿ ಯಾರೋ ಕೂಗಿದರು. ಅಷ್ಟೇ, ಇಡೀ ಓಣಿ ಮಾಳಿಗೆ ಹತ್ತಿತು!

ಚಂಪಾಬಾಯಿ ಕಸಬರಿಗೆ ಹಿಡಿದು ಮೆಟ್ಟಿಲು ಹತ್ತಿದ ವೇಗಕ್ಕೆ ಅವಳ ಸೊಸೆ ಹಿಂದುಳಿದಳು. ಅಂಗಳದ ಕೆಳಗೆ ಅವರದೊಂದು ಕಲ್ಲಿನ ತೊಟ್ಟಿ. ಮಾಳಿಗೆಯ ಮೇಲೆ ಬಿದ್ದ ಮಳೆಯೆಲ್ಲ ಕೊಳವೆಯಿಂದ ಅದಕ್ಕಿಳಿಯಬೇಕು. ಮೊದಲ ಹನಿಗಳಲ್ಲಿ ಧೂಳು ಗುಡಿಸಿ ಹೊರಗೆ ಹಾಕಿ, ಆಮೇಲೆ ಕೊಳವೆಯ ಬಾಯಿ ತೆರೆಯಬೇಕು. ಗಂಗವ್ವ ಸೀರೆಯ ಕಚ್ಚೆ ಬಿಗಿದು ಇನ್ನೊಂದು ಕಸಬರಿಗೆ ಹಿಡಿದಳು. ಅಕ್ಕಪಕ್ಕದ ಮಾಳಿಗೆಗಳಿಂದ ಹೆಂಗಸರು ಹಾಡು ಎತ್ತಿದರು. ಅವರ ಹಾಡು ಮುಗಿದಾಗ ಚಂಪಾಬಾಯಿ ಇವಳನ್ನು ಮುಂದೆ ನೂಕಿದಳು. ಗಂಗವ್ವ ನಾಚದೆ ಚಿಕ್ಕೇರೂರಿನ ಬೀಸುವ ಕಲ್ಲಿನ ಪದ ಹಾಡಿಬಿಟ್ಟಳು. ಒಂದು ಶಬ್ದವೂ ತಿಳಿಯದ ಆ ಹೆಂಗಸರು ಮಳೆಯಲ್ಲಿ ನಿಂತು ತಾಳ ಹಾಕಿದರು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಮಳೆ ನಿಂತಿದ್ದು ಇಪ್ಪತ್ತು ನಿಮಿಷಕ್ಕೆ. ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಏರಿತ್ತು. ಮೊದಲ ತಂಬಿಗೆಯನ್ನು ಚಂಪಾಬಾಯಿ ಅತಿಥಿ ಎಂದು ಗಂಗವ್ವನಿಗೆ ಕೊಟ್ಟಳು. ಅವಳು ಅರ್ಧ ಕುಡಿದು ನನ್ನ ಕಡೆ ಚಾಚಿದಳು.

"ನಮ್ಮೂರಾಗ ಮಳಿ ಬಂದ್ರ ಮಂದಿ ಒಳಗ ಓಡ್ತಾರ. ಇಲ್ಲಿ ಹೊರಗ ಓಡಿ ಬರ್ತಾರ್ರೀ," ಎಂದಳು. "ಇವರ ನಡುವ ಹುಡುಗ್ರು ಬೆಳದ್ರ ನನಗ ಚಿಂತಿಲ್ಲ. ಸೇಠರಿಗೆ ಹೂಂ ಅನ್ರಿ."

ನಾನು ನೀರು ಕುಡಿದು ಹೂಂ ಎಂದೆ.

ಹತ್ತನೆಯ ದಿನ ಬೆಳಿಗ್ಗೆ ಗಾಡಿ ಹತ್ತಿದೆವು. ಚಂಪಾಬಾಯಿ ಸ್ಟೇಶನ್ನಿಗೆ ಬಂದು ಒಂದು ಡಬ್ಬಿ ತುಪ್ಪ ಕೊಟ್ಟಳು. ದಸರೆಯ ಒಳಗೆ ಬರದಿದ್ದರೆ ಕೋಣೆಯನ್ನು ಬೇರೆಯವರಿಗೆ ಕೊಡುತ್ತೇನೆ ಎಂದು ಗದರಿಸಿದಳು. ಗಾಡಿ ತಿರುಗುವವರೆಗೂ ಕೈ ಬೀಸುತ್ತಿದ್ದಳು.

ಹಾವೇರಿಯಿಂದ ಹಾನಗಲ್ಲಿನ ದಾರಿಯಲ್ಲಿ ಭತ್ತದ ಗದ್ದೆಗಳು ಕೆಸರಿನಿಂದ ಹೊಳೆಯುತ್ತಿದ್ದವು. ಗಂಗವ್ವ ಅಷ್ಟೂ ಹೊತ್ತು ಕಿಟಕಿಯ ಹೊರಗೇ ನೋಡುತ್ತಿದ್ದಳು. ಮನೆಯಲ್ಲಿ ಮಕ್ಕಳು ಮೈಮೇಲೆ ಬಿದ್ದವು. ಒಂಟೆ ಎಷ್ಟು ಎತ್ತರ ಎಂದು ಕೇಳಿ ಕೇಳಿ ಸಾಕುಮಾಡಿದವು. ಅವ್ವ ಮಾತ್ರ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಸಾವಧಾನವಾಗಿ ಕೇಳಿದಳು. ಪಗಾರ, ಬಾಡಿಗೆ, ಅಕ್ಕಿಯ ದರ, ನಾನು ಬಿದ್ದದ್ದು, ಮೂಟೆ, ಮಳೆ. ನಾನು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ನೀವು ಹೋಗ್ರಿ, ನಾ ಇಲ್ಲೇ ಇರ್ತೇನಿ ಎಂದು ಅವಳು ಹೇಳಿದರೆ ಏನು ಮಾಡುವುದೆಂದು ನಾಲ್ಕು ರಾತ್ರಿ ಗಾಡಿಯಲ್ಲಿ ಯೋಚಿಸಿದ್ದೆ.

ಅವ್ವ ಒಂದೇ ಪ್ರಶ್ನೆ ಕೇಳಿದಳು. "ಗಂಗವ್ವ, ಅಲ್ಲಿ ನನ್ನ ವಯಸ್ಸಿನ ವಾರಿಗಿಯವರು ಅದಾರೇನ?"

"ಅದಾರ್ರೀ ಅತ್ತಿ. ಮಾತು ತಿಳಿಯೂದಿಲ್ಲ, ಆದ್ರ ಒಂದು ಗಳಿಗಿ ಸುಮ್ನ ಕುಂದರೂದಿಲ್ಲ."

ಅವ್ವ ಸೆರಗು ಕೊಡವಿ ಎದ್ದಳು. ಪಕ್ಕದ ಮನೆಯ ಗೋಡೆಯ ಬಳಿಗೆ ಹೋಗಿ ಇಣುಕಿ ಕೂಗಿದಳು:

"ಏ ಪಾರವ್ವಾ, ನಮ್ಮ ಎಮ್ಮಿ ನೀ ಕಟಗೋತೀಯೇನ? ನಾವು ಬಿಕಾನೇರಕ್ಕ ಹೊಂಟೇವಿ!"