ಆರೂವರೆ ಆಂಪಿಯರ್

ಭೇರ್ಯದಿಂದ ಮೂರು ಮೈಲಿ ಆಚೆಯ ಆ ಹಳ್ಳಿಯಲ್ಲಿ ಕರೆಂಟಿನ ವಸ್ತು ಏನೇ ಕೆಟ್ಟರೂ ಜನ ಹೇಳುವುದು ಒಂದೇ ಮಾತು: ವೋಲ್ಟೇಜ್ ಇಲ್ಲ. ಫ್ಯಾನ್ ನಿಧಾನವಾಗಿ ತಿರುಗಿದರೆ ವೋಲ್ಟೇಜ್ ಇಲ್ಲ, ಮಿಕ್ಸಿ ಸುಟ್ಟರೆ ವೋಲ್ಟೇಜ್ ಇಲ್ಲ, ಟಿವಿ ರಿಮೋಟಿನ ಸೆಲ್ ಮುಗಿದಿದ್ದರೂ ವೋಲ್ಟೇಜ್ ಇಲ್ಲ. ಇದನ್ನು ಕೇಳಿದರೆ ಸಂಘಮಿತ್ರಳಿಗೆ ಮೈ ಉರಿಯುತ್ತಿತ್ತು. "ಅಳ್ದು ನೋಡಿದ್ರಾ?" ಎಂದು ಕೇಳಿಬಿಡುತ್ತಿದ್ದಳು. ಅಷ್ಟಕ್ಕೇ ಅವಳಿಗೆ ಬಾಯಿಬಡುಕಿ ಎಂಬ ಬಿರುದು ಬಂತು.

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿದವಳು ಅವಳು, ಮೂವತ್ತು ಹುಡುಗರ ನಡುವೆ ಒಬ್ಬಳೇ. ಮಾರ್ಕ್ಸ್ ಕಾರ್ಡು ಚೆನ್ನಾಗಿಯೇ ಇತ್ತು. ಆದರೆ ಊರಿನಲ್ಲಿ ಯಾರೂ ತಮ್ಮ ಮನೆಯ ಸ್ವಿಚ್ ಬೋರ್ಡ್ ಮುಟ್ಟಗೊಡಲಿಲ್ಲ. ಹೆಣ್ಣು ಎನ್ನುವುದು ಒಂದು ಕಾರಣ. ಯಾವ ಬೀದಿಯ ಹೆಣ್ಣು ಎನ್ನುವುದು ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ. ಕೊನೆಗೆ ಅವ್ವ ಪುಟ್ಟಲಕ್ಷ್ಮಿ ಹತ್ತೊಂಬತ್ತು ವರ್ಷ ಮಾಡಿದ ಕೆಲಸವೇ ಮಗಳ ಪಾಲಿಗೂ ಬಂತು. ಹಾಲಿನ ಡೈರಿಯಲ್ಲಿ ಕ್ಯಾನ್ ತೊಳೆಯುವುದು.

ಯುಗಾದಿ ಕಳೆದ ಮೇಲೆ ಊರಿನ ಹಾಲು ಹುಳಿಯಾಗಿದೆ ಎಂದು ಒಕ್ಕೂಟದಿಂದ ಮೂರು ಸಲ ವಾಪಸ್ ಬಂತು. ಕ್ಯಾನ್ ತೊಳೆಯುವ ನೀರು ಕಾಯುತ್ತಿಲ್ಲ, ಹೀಟರ್ ನೋಡಿಸಿ ಎಂದು ಸಂಘಮಿತ್ರ ಹೇಳುತ್ತಲೇ ಬಂದಿದ್ದಳು. "ವೋಲ್ಟೇಜ್ ಇಲ್ಲ ಕಣಮ್ಮ, ನೀನು ತಿಕ್ಕಿ ತೊಳಿ," ಎನ್ನುತ್ತಿದ್ದ ಸೆಕ್ರೆಟರಿ ರುದ್ರಸ್ವಾಮಿ, ಮೂರನೆಯ ಸಲ ಹಾಲು ವಾಪಸ್ ಬಂದಾಗ, ಹಾಲು ಹಾಕಲು ಬಂದವರೆಲ್ಲರ ಮುಂದೆ ಹೊಸ ರಾಗ ಎಳೆದ. ಕ್ಯಾನ್ ತೊಳೆಯುವವಳ ಕೈ ಶುದ್ಧ ಇಲ್ಲವಂತೆ. ಭಾನುವಾರದ ಸಭೆಯಲ್ಲಿ ಅವಳನ್ನು ಬಿಡಿಸಿ ಬೇರೆಯವರನ್ನು ನೇಮಿಸುವುದೆಂದು ಸುದ್ದಿಯಾಯಿತು.

"ತಪ್ಪಾಯ್ತು ಅಂದ್ಬುಡು ಮಗ. ಕೆಲ್ಸ ಉಳೀತದೆ," ಅಂದಳು ಪುಟ್ಟಲಕ್ಷ್ಮಿ.

"ಕೆಲ್ಸ ಓದ್ರೆ ಓಗ್ಲಿ ಕಣವ್ವ. ಕೈ ಸರಿಯಿಲ್ಲ ಅಂದವ್ರಲ್ಲ, ಆ ಮಾತು ಉಳಿಬಾರ್ದು."

ಭಾನುವಾರ ಮಧ್ಯಾಹ್ನ ಡೈರಿಯ ಮುಂದೆ ಎಪ್ಪತ್ತು ಜನ ಸೇರಿದ್ದರು. ಪುಟ್ಟಲಕ್ಷ್ಮಿ ಎಲ್ಲರಿಗಿಂತ ಹಿಂದೆ, ನೆಲದ ಮೇಲೆ ಕೂತಳು. ಅಧ್ಯಕ್ಷ ತಿಮ್ಮಯ್ಯ ವಿಷಯ ಎತ್ತುವ ಮೊದಲೇ ಸಂಘಮಿತ್ರ ಎದ್ದು ನಿಂತಳು. ಕೈಯಲ್ಲಿ ಮೀಟರ್ ಇತ್ತು, ಕೆ.ಆರ್. ನಗರದಲ್ಲಿ ಕೆಲಸ ಮಾಡುವ ಹಳೆಯ ಸಹಪಾಠಿಯಿಂದ ತಂದದ್ದು.

"ಅಧ್ಯಕ್ಷರೇ, ಐದು ನಿಮಿಷ ಕೊಡಿ. ಅಳ್ದು ತೋರಿಸ್ತೀನಿ."

"ಇದೇನು ಸ್ಕೂಲಾ?" ಅಂದ ರುದ್ರಸ್ವಾಮಿ.

"ನೀವೇ ತಾನೇ ವೋಲ್ಟೇಜ್ ಇಲ್ಲ ಅಂದಿದ್ದು? ನೋಡಾಣ ಬನ್ನಿ."

ತಿಮ್ಮಯ್ಯನಿಗೂ ಹಾಲು ವಾಪಸ್ ಬಂದ ಸಂಕಟವಿತ್ತು. ತಲೆಯಾಡಿಸಿದ. ಅವಳು ಡೈರಿಯ ಬಾಗಿಲಲ್ಲೇ ಇದ್ದ ಹೀಟರ್ ಹಾಕಿ ಮೀಟರ್ ಹಿಡಿದಳು. ಇನ್ನೂರ ಮೂವತ್ತು ವೋಲ್ಟ್. ಮುಂದಿನ ಸಾಲಿನವರು ಬಗ್ಗಿ ಬಗ್ಗಿ ನೋಡಿದರು; ಊರಿನಲ್ಲಿ ಇಷ್ಟು ವೋಲ್ಟೇಜ್ ಇದೆ ಎನ್ನುವುದೇ ಅವರಿಗೆ ಹೊಸ ಸುದ್ದಿ. ಆಮೇಲೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ನೋಡಲು ಮೀಟರಿನ ಇಕ್ಕಳದಂಥ ಬಾಯಿಯನ್ನು ಒಂದೇ ತಂತಿಗೆ ಕಚ್ಚಿಸಿದಳು. ಆರೂವರೆ ಆಂಪಿಯರ್.

ಹಾಲಿನ ದರ ಬರೆಯುವ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಳು. "ವೋಲ್ಟನ್ನ ಆಂಪಿಯರಿಂದ ಗುಣಿಸಿದ್ರೆ ಪವರ್. ಇನ್ನೂರ ಮೂವತ್ತು ಇಂಟು ಆರೂವರೆ, ಸಾವಿರದ ನಾನೂರ ತೊಂಬತ್ತೈದು ವ್ಯಾಟ್. ಹೀಟರ್ ಮೇಲೆ ಎಷ್ಟು ಬರ್ದದೆ, ಓದಿ."

ತಿಮ್ಮಯ್ಯ ಕನ್ನಡಕ ಏರಿಸಿ ಓದಿದ. "ಮೂರ್ ಸಾವ್ರ."

"ಅರ್ಧಾನೇ ಬತ್ತಾ ಅದೆ. ಈಗ ವೋಲ್ಟನ್ನ ಆಂಪಿಯರಿಂದ ಭಾಗಿಸಿ, ಕಾಯಿಲ್ ಕರೆಂಟನ್ನ ಎಷ್ಟು ತಡೀತದೆ ಅನ್ನೋದು ಸಿಗ್ತದೆ. ಮೂವತ್ತೈದು ಓಮ್. ಈ ಹೀಟರ್‌ನಲ್ಲಿ ಎರಡು ಕಾಯಿಲ್ ಅವೆ, ಎರಡೂ ಒಟ್ಟಿಗೆ ಉರಿದ್ರೆ ಹದಿನೆಂಟರ ಒಳಗಿರ್ಬೇಕು. ಒಳಗೆ ಒಂದೇ ಕಾಯಿಲ್ ಉರೀತಾ ಅದೆ."

ಮೇನ್ ಸ್ವಿಚ್ ಇಳಿಸಿ ಮುಚ್ಚಳ ಬಿಚ್ಚಿದಳು. ಎರಡನೆಯ ಕಾಯಿಲಿನ ತಂತಿ ಸುಟ್ಟಿರಲಿಲ್ಲ, ತುಂಡಾಗಿರಲಿಲ್ಲ. ಯಾರೋ ನೀಟಾಗಿ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಮಡಚಿಟ್ಟಿದ್ದರು. ಎಪ್ಪತ್ತು ಜೊತೆ ಕಣ್ಣು ರುದ್ರಸ್ವಾಮಿಯ ಕಡೆ ತಿರುಗಿದವು.

"ಪ್ಲಗ್ ಕರಗ್ತಿತ್ತು ಕಣ್ರೀ," ಅಂದ ಅವನು, ನೆಲ ನೋಡುತ್ತಾ. "ಚಿಕ್ಕ ಪ್ಲಗ್ಗು, ಲೋಡ್ ತಡೀನಿಲ್ಲ. ಹೊಸ ವೈರಿಂಗ್ ಮಾಡ್ಸೋ ಗಂಟ ಇರ್ಲಿ ಅಂತ ನಾನೇ ಒಂದನ್ನ ತೆಗ್ಸಿದ್ದೆ."

ಗೊತ್ತಿತ್ತು ಅವನಿಗೆ! ನೀರು ಏಕೆ ಕಾಯುವುದಿಲ್ಲ ಎಂದು ಗೊತ್ತಿದ್ದೂ ವೋಲ್ಟೇಜ್ ಇಲ್ಲ ಎನ್ನುತ್ತಾ ಬಂದು, ಕೊನೆಗೆ ಒಬ್ಬ ಹೆಣ್ಣುಮಗಳ ಕೈ ತೋರಿಸಿದ್ದ.

ತಿಮ್ಮಯ್ಯ ಗಡಿಯಾರ ನೋಡಿದ. ಸಂಜೆಯ ಹಾಲು ಬರುವ ಹೊತ್ತು ಹತ್ತಿರವಾಗಿತ್ತು. "ಆಯ್ತು ಬುಡವ್ವ, ಆಗಿದ್ದಾಯ್ತು. ದೊಡ್ಡ ಪ್ಲಗ್ಗು, ದಪ್ಪ ವೈರು ಈಗ್ಲೇ ತರಿಸ್ತೀನಿ. ನೀನೇ ಸರಿಮಾಡ್ಬುಡು."

"ಮಾಡ್ತೀನಿ, ಅಧ್ಯಕ್ಷರೇ. ಮೊದ್ಲು ಸೆಕ್ರೆಟರಿಯವರು ನನ್ನ ಕೈಲಿ ತಪ್ಪಿಲ್ಲ ಅಂತ ಹೇಳ್ಲಿ. ಎಷ್ಟು ಜನದ ಮುಂದೆ ಅಂದಿದ್ರೋ ಅಷ್ಟು ಜನದ ಮುಂದೆ."

ಸಭೆಯ ಅಂಚಿನಲ್ಲಿ ಆಗಲೇ ಇಬ್ಬರು ಹಾಲಿನ ಪಾತ್ರೆ ಹಿಡಿದು ನಿಂತಿದ್ದರು. ರುದ್ರಸ್ವಾಮಿ ಎದ್ದ, ಗಂಟಲು ಸರಿಮಾಡಿಕೊಂಡ, ಕೊರಳಪಟ್ಟಿಯೊಳಗೇ ಏನೋ ಗೊಣಗಿ ಕೂರಲು ಹೋದ.

"ಜೋರಾಗಿ ಹೇಳಿ ಸಾರ್," ಅಂದಳು ಸಂಘಮಿತ್ರ. "ಹಿಂದೆ ನಮ್ಮವ್ವ ಕೂತವ್ಳೆ. ಅವಳಿಗೆ ಕೇಳ್ನಿಲ್ಲ."