ಅಕ್ಕನ ಸೀಟಿನ ಕೆಳಗಿನ ಬ್ಯಾಗು

ನನ್ನ ಅಕ್ಕ ಸೈಕಲ್ ಕಲಿತದ್ದು ನಿವೃತ್ತಳಾದ ಮೇಲೆ. ಹೊಳಲ್ಕೆರೆಯಲ್ಲಿ ಟೀಚರಾಗಿದ್ದಷ್ಟು ಕಾಲವೂ ಭಾವನ ಬೈಕಿನ ಹಿಂದೆ ಕೂತು ಓಡಾಡಿದವಳು. ಕಲಿತ ಕೆಲವೇ ತಿಂಗಳಿಗೆ ಫೋನ್ ಮಾಡಿ, "ಲೇ, ನಿಮ್ಮನೆಗೆ ಸೈಕಲ್‌ನಾಗೇ ಬರ್ತೀನಿ ಕಣೆ, ಒಬ್ಳೇ" ಅಂದಳು. ನಾನಿರುವುದು ಚಿತ್ರದುರ್ಗದಲ್ಲಿ. ಸಣ್ಣ ದಾರಿಯೇನಲ್ಲ. ಆದರೆ ನಾನೇ ಭಾನುವಾರ ಬೆಳಗ್ಗೆ ಭೀಮಸಮುದ್ರದವರೆಗೆ ಸೈಕಲ್ ತುಳಿದು ಬರುವವಳು. ಅವಳಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

"ದಾರೀಲಿ ಪಂಕ್ಚರ್ ಆದ್ರೆ?" ಎಂದೆ.

"ಅದನ್ನ ನೀನು ಬಂದು ಕಲಿಸ್ಕೊಡು."

ಮುಂದಿನ ಶನಿವಾರ ಬಸ್ಸು ಹತ್ತಿ ಹೋದೆ. ನನ್ನ ಸೈಕಲ್ಲಿನ ಸೀಟಿನಡಿ ಇರುವಂಥದೇ ಒಂದು ಬ್ಯಾಗನ್ನು ಅವಳಿಗೂ ಕೊಂಡೊಯ್ದಿದ್ದೆ. ಕಟ್ಟಿ ನೋಡಿದರೆ ಹೊಂದಲೇ ಇಲ್ಲ. ಅಕ್ಕ ಗಿಡ್ಡ, ಹಾಗಾಗಿ ಅವಳ ಸೀಟೂ ತಗ್ಗು. ಬ್ಯಾಗಿನ ತಳ ಹಿಂದಿನ ಚಕ್ರಕ್ಕೆ ತಾಗುತ್ತಿತ್ತು. ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಅದರ ಮೇಲೆ ಕಪ್ಪು ಪಟ್ಟೆ ಎದ್ದಿತ್ತು.

"ಸೀಟು ಒಂಚೂರು ಏರಿಸಿದ್ರಾಯ್ತು" ಎಂದರು ಭಾವ, ಬಾಗಿಲಲ್ಲಿ ನಿಂತು.

"ಏರಿಸಿದ್ರೆ ಕಾಲು ನೆಲಕ್ಕೆ ಸಿಗಲ್ಲ. ನಿಮಗೇನು ಗೊತ್ತಾಗ್ತೈತೆ?" ಎಂದಳು ಅಕ್ಕ.

"ಹಂಗಾರೆ ಹೆಗಲಿಗೆ ಹಾಕ್ಕಂಡು ಹೋಗು."

ಅದನ್ನು ನಾನೇ ಬೇಡವೆಂದೆ. ಹಿಂದೊಮ್ಮೆ ಬೆನ್ನಿನ ಚೀಲದಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಬಿದ್ದು, ಮಗ್ಗುಲು ಬದಲಿಸಲೂ ಆಗದೆ ನರಳಿದವಳು ನಾನು. ಹ್ಯಾಂಡಲ್ಲಿಗೆ ನೇತುಹಾಕಿದರೆ ಭಾರ ಅತ್ತಿತ್ತ ತೂಗಿ ಸೈಕಲ್ಲನ್ನು ಎಳೆಯುತ್ತದೆ. ಸೀಟಿನ ಕೆಳಗೇ ಆಗಬೇಕು, ಸಣ್ಣದೇ ಆಗಬೇಕು.

ಜಗಲಿಯ ಮೇಲೆ ಟವೆಲ್ ಹಾಸಿ ಸಾಮಾನು ಹರಡಿಕೊಂಡು ಕೂತೆವು. ಒಂದು ಟ್ಯೂಬು, ಟಯರ್ ಬಿಡಿಸುವ ಪ್ಲಾಸ್ಟಿಕ್ ಪಟ್ಟಿಗಳು, ಪ್ಯಾಚು, ಅದನ್ನು ಅಂಟಿಸುವ ಸಲ್ಯೂಷನ್ನು, ಚಕ್ರದ ನಟ್ಟಿಗೆ ಒಂದು ಸ್ಪ್ಯಾನರ್, ಸ್ಕ್ರೂ ಬಿಗಿ ಮಾಡುವ ಅಲೆನ್ ಕೀಗಳ ಸಣ್ಣ ಗೊಂಚಲು. ಪಂಪು ಹೇಗೂ ಫ್ರೇಮಿಗೆ ಕಟ್ಟುವಂಥದು. ಅಕ್ಕ ಅದರ ಪಕ್ಕದಲ್ಲಿ ತಲೆನೋವಿನ ಮಾತ್ರೆ, ಓದುವ ಕನ್ನಡಕ, ಬಾಚಣಿಗೆಯನ್ನೂ ತಂದಿಟ್ಟಳು. ಬಾಚಣಿಗೆಯನ್ನು ನಾನು ತೆಗೆದಿಟ್ಟೆ. ಅವಳು ಮತ್ತೆ ಇಟ್ಟಳು. ಕೊನೆಗೆ ಕನ್ನಡಕವೊಂದು ಉಳಿಯಿತು, ಅದಿಲ್ಲದೆ ಟ್ಯೂಬಿನ ತೂತು ಅವಳಿಗೆ ಕಾಣಿಸುವುದಿಲ್ಲ.

ಆಮೇಲೆ ಅವಳು ಹಳೆಯ ಕ್ಯಾಲೆಂಡರಿನ ರಟ್ಟು ತಂದು ಸೀಟಿಗೂ ಚಕ್ರಕ್ಕೂ ನಡುವೆ ಇರುವ ಜಾಗದ ಆಕಾರಕ್ಕೇ ಕತ್ತರಿಸಿದಳು. ಸಾಮಾನನ್ನೆಲ್ಲ ಟವೆಲ್ಲಿನಲ್ಲಿ ಗಂಟು ಕಟ್ಟಿದಳು. ರಟ್ಟು, ಗಂಟು ಎರಡನ್ನೂ ಹಿಡಿದು ನನ್ನ ಜೊತೆ ಚಿತ್ರದುರ್ಗದ ಸೈಕಲ್ ಅಂಗಡಿಗೆ ಬಂದಳು.

ಅಂಗಡಿಯವರು ಮೊದಲು ತೆಗೆದದ್ದು ಮೊಬೈಲಿಗೂ ಜೇಬಿದ್ದ ದೊಡ್ಡ ಬ್ಯಾಗು. ಅಕ್ಕ ರಟ್ಟು ಹಿಡಿದು ನೋಡಿ ವಾಪಸ್ ಕೊಟ್ಟಳು. ಎರಡನೆಯದು ಕೆಂಪು, ಹೊಳೆಯುವ ಪಟ್ಟಿಯಿದ್ದದ್ದು, ನನಗೆ ತುಂಬ ಹಿಡಿಸಿತು. ಆದರೆ ಅದರ ಜಿಪ್ಪು ಪಕ್ಕಕ್ಕೆ ತೆರೆಯುತ್ತಿತ್ತು. ಒಮ್ಮೆ ಎಳೆದರೆ ಎಲ್ಲವೂ ಕೆಳಗೆ.

"ರಾತ್ರಿ ಲಾರಿಯೋರಿಗೆ ಕಾಣ್ಬೇಕಲ್ಲಕ್ಕ, ಆ ಪಟ್ಟಿ ಒಳ್ಳೇದು" ಎಂದೆ.

"ರಾತ್ರಿ ನಾನ್ಯಾಕೆ ಹೋಗ್ಲಿ? ಬೇಕಾದ್ರೆ ನೀನ್ ತಗಾ."

ಆರಿಸಿದ್ದು ಬೂದು ಬಣ್ಣದ, ನೋಡಲು ಏನೂ ಅಲ್ಲದ ಒಂದು ಪುಟ್ಟ ಬ್ಯಾಗು. ಹಿಂದೆ ಕಿರಿದು, ಮುಂದೆ ಅಗಲ. ಸೀಟಿನ ಕಂಬಿಗಳಿಗೆ ಎರಡು ಪಟ್ಟಿ, ಕೆಳಗಿನ ಕೊಳವೆಗೆ ಇನ್ನೊಂದು. ಬಾಯಿ ಹಿಂದಕ್ಕೆ ತೆರೆಯುವಂಥದು. ಗಂಟು ಬಿಚ್ಚಿ ಎಲ್ಲ ತುಂಬಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕಬ್ಬಿಣ ಗಲಗಲ ಎಂದಿತು. ಸ್ಪ್ಯಾನರನ್ನು ಕರ್ಚೀಫಿನಲ್ಲಿ ಸುತ್ತಿ ಮತ್ತೆ ಅಲ್ಲಾಡಿಸಿದಳು. ಸದ್ದಿಲ್ಲ. "ಇದೇ ಕೊಡ್ರಿ."

ಆಮೇಲಿನ ಶನಿವಾರಗಳಲ್ಲಿ ಜಗಲಿಯ ಮೇಲೆ ಅವಳು ಹಿಂದಿನ ಚಕ್ರ ಬಿಚ್ಚಿದಳು, ಹಾಕಿದಳು. ನನಗೆ ಸಾಕಾದರೂ ಅವಳಿಗೆ ಸಾಕಾಗುತ್ತಿರಲಿಲ್ಲ.

ಅಕ್ಕ ಹೊರಟ ದಿನ ನಾನೂ ಈ ಕಡೆಯಿಂದ ಸೈಕಲ್ ತುಳಿದು ಎದುರು ಹೋದೆ. ಸಿಗಬೇಕಾದ ಬಸ್ ಸ್ಟಾಪಿನಲ್ಲಿ ಅಕ್ಕ ಇರಲಿಲ್ಲ. ಫೋನ್ ಎತ್ತಲಿಲ್ಲ. ಇನ್ನಷ್ಟು ದೂರ ಹೋದಾಗ ಹುಣಸೆ ಮರದ ಕೆಳಗೆ ತಲೆಕೆಳಗಾಗಿ ನಿಂತ ಸೈಕಲ್ಲು ಕಂಡಿತು, ಅದರ ಪಕ್ಕ ಕನ್ನಡಕ ಹಾಕಿಕೊಂಡು ಕೂತ ಅಕ್ಕ. ರಸ್ತೆಯ ಈಚೆ, ಮೋರಿಕಟ್ಟೆಯ ಮೇಲೆ ಭಾವ. ಬರಬೇಡಿ ಎಂದು ಅಕ್ಕ ಹೇಳಿದ್ದರೂ ದೂರದಿಂದ ಬೈಕಿನಲ್ಲಿ ಹಿಂಬಾಲಿಸಿದ್ದರು.

"ಹತ್ರ ಹೋದ್ರೆ ಬೈತಾಳೆ" ಎಂದರು ಮೆಲ್ಲಗೆ.

ನಾನು ಹೋದೆ. "ಅಲ್ಲೇ ನಿಂತ್ಕ. ಮುಟ್ಬೇಡ" ಎಂದಳು ಅಕ್ಕ, ತಲೆ ಎತ್ತದೆ.

ಜಾಲಿಮುಳ್ಳು. ಅದನ್ನು ಕಿತ್ತು ಹೊಸ ಟ್ಯೂಬು ಹಾಕಿದ್ದಳು. ಆದರೆ ಟಯರ್ ಕೂರಿಸುವಾಗ ಪ್ಲಾಸ್ಟಿಕ್ ಪಟ್ಟಿಯ ಅಂಚಿಗೆ ಸಿಕ್ಕಿ ಅದೂ ಹರಿದಿತ್ತು. ನಾನೂ ಕಲಿಯುವಾಗ ಅಲ್ಲೇ ಎಡವಿದ್ದೆ. ಕೈ ಚಾಚಬೇಕೆನಿಸಿತು, ತಡೆದುಕೊಂಡು ಭಾವನ ಪಕ್ಕ ಹೋಗಿ ಕೂತೆ. ಅಕ್ಕ ನೀರು ಕುಡಿದಳು. ಆಮೇಲೆ ಮೊದಲಿನ ಟ್ಯೂಬಿಗೆ ಸಲ್ಯೂಷನ್ ಹಚ್ಚಿ, ಊದುತ್ತ ಒಣಗಿಸತೊಡಗಿದಳು.

"ನನ್ನ ಬೈಕ್ ಕೆಟ್ಟಾಗೆಲ್ಲ ಇವಳು ನೆರಳಿಗೆ ಹೋಗಿ ನಿಂತ್ಕಳಾಳು" ಎಂದರು ಭಾವ. "ಇವಳಿಗೆ ಬೇಜಾರಾಗ್ತೈತೆ ಅಂದ್ಕಂಡಿದ್ದೆ. ನಾನು ರಿಪೇರಿ ಮಾಡೋದನ್ನ ನೋಡ್ತಿದ್ಲೇನೋ." ಅವರ ದನಿಯಲ್ಲಿ ಬೇಸರವಿರಲಿಲ್ಲ, ಒಂಥರಾ ಅಚ್ಚರಿಯಿತ್ತು.

ಪ್ಯಾಚು ಅಂಟಿಸಿ, ಈ ಸಲ ಟಯರನ್ನು ಹೆಬ್ಬೆರಳಿನಲ್ಲೇ ಒತ್ತಿ ಕೂರಿಸಿದಳು. ಪಂಪು ಹೊಡೆದಾಗ ಟ್ಯೂಬಿನಲ್ಲಿ ಗಾಳಿ ನಿಂತಿತು. ಹರಿದ ಟ್ಯೂಬು ಬ್ಯಾಗಿನೊಳಗೆ ಹೋಗಲು ಒಪ್ಪಲಿಲ್ಲ. ಮೊಣಕಾಲಿನಡಿ ಇಟ್ಟು ಗಾಳಿ ಹಿಂಡಿ, ಸುರುಳಿ ಸುತ್ತಿ ತುರುಕಿ ಜಿಪ್ಪು ಎಳೆದಳು. ಆಗ ಭಾವನ ಕಡೆ ತಿರುಗಿ, "ಬಂದಿದೀರಲ್ಲ, ಮುಂದೆ ಹೋಗಿ ತಿಂಡಿಗೆ ಹೇಳ್ರಿ" ಎಂದಳು. ಭಾವ ನಗುತ್ತ ಬೈಕ್ ಹತ್ತಿದರು. ನಾವಿಬ್ಬರೂ ಗುಡ್ಡದ ಮೇಲಿನ ಗಾಳಿಗಿರಣಿಗಳನ್ನು ನೋಡುತ್ತ, ಅವಸರವಿಲ್ಲದೆ ತುಳಿದೆವು.

ಅದಾದ ಮೇಲೆ ಒಂದು ಬೆಳಗ್ಗೆ ಹೊಸದುರ್ಗದಿಂದ ಚಿಕ್ಕಮ್ಮನ ಫೋನು. "ನಿಮ್ಮಕ್ಕ ಸೈಕಲ್‌ನಾಗೆ ಬಂದು ಬಾಗಿಲಲ್ಲಿ ನಿಂತವಳೆ ಕಣೆ. ಕೈಯೆಲ್ಲ ಮಸಿ. ಈ ಊರಿಗೆ ಬಸ್ಸು ಅವೆ ಅಂತ ನೀನಾದ್ರೂ ಹೇಳ್ಬಾರ್ದಾ?"